ಸೂಟಿ ಆಗಿತ್ತು

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವುದೆಲ್ಲ ನನ್ನ ಮಾನ ಹೋದ ಕತೆ. ದಾಂಡೇಲಿಯ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಒಂದು ಚಹಾದಂಗಡಿಗೂ ಒಂದು ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಇರುಕಿಕೊಂಡು ನನ್ನ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಬಂದವರು ಕೂರಲು ಎರಡು ಸ್ಟೂಲು. ಆದರೆ ಜನ ಬರುವುದು ನನ್ನ ಕೈಬರಹದ ಅರ್ಜಿಗಾಗಿ. ರೇಷನ್ ಕಾರ್ಡಿಗೆ, ಪಿಂಚಣಿಗೆ, ಕರೆಂಟಿಗೆ, ಗಂಡನ ಮೇಲೆ, ಹೆಂಡತಿಯ ಮೇಲೆ, ಒಮ್ಮೆ ಪಕ್ಕದ ಮನೆಯ ಕೋಳಿಯ ಮೇಲೂ ಅರ್ಜಿ ಬರೆದಿದ್ದೇನೆ. ಆ ಕೋಳಿಯ ಅರ್ಜಿಯನ್ನು ಓದಿದ ಸಾಹೇಬರೊಬ್ಬರು ಇಷ್ಟು ಚಂದದ ಕನ್ನಡ ಈ ಕಚೇರಿಗೆ ಬಂದೇ ಇರಲಿಲ್ಲ ಅಂದರಂತೆ. ಕೋಳಿಯ ವಿಷಯದಲ್ಲಿ ಮಾತ್ರ ಏನೂ ಮಾಡಲಿಲ್ಲ.

ಸದರಿ, ಆದಾಗ್ಯೂ, ನಿಮಿತ್ತ, ವಿನಮ್ರವಾಗಿ: ಇವೆಲ್ಲ ನನಗೆ ಪ್ರಾಣ. ಜನ ಆಡುವುದನ್ನು ಆಡಿದ ಹಾಗೆ ಬರೆಯುವುದಾದರೆ ನಾನು ಯಾಕೆ ಬೇಕು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಬಡವರ ಅರ್ಜಿಯ ಜುಟ್ಟಿಗೆ ಮಲ್ಲಿಗೆ ಮುಡಿಸುವುದೇ ನನ್ನ ಕಸುಬು ಎಂದು ತಿಳಿದುಕೊಂಡಿದ್ದೆ. ನನ್ನ ಹೆಂಡತಿಗೆ ಮಾತ್ರ ಈ ಬಗ್ಗೆ ಗೌರವವಿಲ್ಲ.

“ನಿಮ್ಮ ಅರ್ಜಿ ಓದಿದ್ರ ಸಾಹೇಬರಿಗೆ ನಿದ್ದಿ ಬರತೈತಿ ಕಾಣತೈತಿ. ಅದಕ್ಕ ಯಾವ ಕೆಲಸಾನೂ ಲಗೂನ ಆಗಂಗಿಲ್ಲ,” ಅನ್ನುತ್ತಾಳೆ.

ಈ ಚಟ ನನಗೆ ಹತ್ತಿದ್ದು ನಮ್ಮೂರಿನ ಬಂಗೂರನಗರದ ಸಾಲೆಯಲ್ಲಿ. ನಮ್ಮಪ್ಪ ಧಾರವಾಡ ಕಡೆಯ ಹಳ್ಳಿಯಿಂದ ಕಾಗದ ಗಿರಣಿಯ ಕೆಲಸಕ್ಕೆ ಬಂದವರು. ಮನೆಯ ಮಾತೆಲ್ಲ ಐತಿ, ಆತು, ಹೋಗೂಣು. ಐದನೆಯ ಇಯತ್ತೆಯಲ್ಲಿ ಪ್ರಬಂಧ ಬರೆಯಲು ಹೇಳಿದಾಗ ನಾನು, “ಸೂಟಿಯಾಗ ನಾವು ಅತ್ತಿವೇರಿಗೆ ಹಕ್ಕಿ ನೋಡಾಕ ಹೋಗಿದ್ವಿ” ಎಂದು ಶುರುಮಾಡಿದ್ದೆ. ನಮ್ಮ ಬಾಯಿಯವರು, ಅಂದರೆ ಟೀಚರು, ಮೈಸೂರು ಕಡೆಯವರು. ಬಹಳ ಒಳ್ಳೆಯವರು. ಸೂಟಿ ಅನ್ನುವ ಮಾತಿಗೆ ಕೆಂಪು ಶಾಯಿಯ ಸುತ್ತು ಹಾಕಿ, ಮೇಲೆ ದುಂಡಗೆ ‘ರಜೆ’ ಎಂದು ಬರೆದರು. ನೂರು ಸಲ ಬರೆದುಕೊಂಡು ಬಾ ಅಂದರು. ಬರೆದೆ. ಬರೆದದ್ದನ್ನು ತೋರಿಸಿದಾಗ ಅವರು ನನ್ನ ತಲೆ ಸವರಿ, “ಎಷ್ಟು ಮುದ್ದಾದ ಅಕ್ಷರ ಮರಿ ನಿಂದು” ಅಂದರು. ಅವತ್ತಿನಿಂದ ಯಾರ ಬಾಯಲ್ಲಿ ಸೂಟಿ ಬಂದರೂ ನನ್ನ ಕೈ ರಜೆ ಅಂತಲೇ ಬರೆಯುತ್ತದೆ. ಅದಕ್ಕೆ ತಲೆಯ ಅಪ್ಪಣೆ ಬೇಕಾಗಿಲ್ಲ.

ಈಗ ಅಕ್ಕನ ವಿಷಯ. ಅಕ್ಕ ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಸಿದ್ದಿ ಮನೆತನದ ಹೆಂಗಸು. ನನಗಿಂತ ಹತ್ತು ವರ್ಷ ಚಿಕ್ಕವಳು. ಆದರೂ ನಾನು ಅಕ್ಕ ಅನ್ನುತ್ತೇನೆ. ಯಾವ ಸಾಲೆಯಲ್ಲೂ ಒಂದು ದಿನವೂ ಕಲಿಸದ ನನ್ನನ್ನು ಆಕೆ ಮಾಸ್ತರ ಅನ್ನುತ್ತಾಳೆ. ಲೆಕ್ಕ ಸರಿಹೋಯಿತು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಕಿರಾಣಿ ಅಂಗಡಿಯವನೊಡನೆ ಮರಾಠಿ. ಮೂರರಲ್ಲೂ ಸೊಗಸಾಗಿ ಬಯ್ಯಬಲ್ಲಳು. ರೇಷನ್ ಕಾರ್ಡಿನಲ್ಲಿ ಆಕೆಯ ವಯಸ್ಸು ಎಪ್ಪತ್ತು ಎಂದು ತಪ್ಪಾಗಿ ಬಿದ್ದಾಗ ಅದನ್ನು ತಿದ್ದಿಸುವ ಅರ್ಜಿಗೆ ಮೊದಲ ಸಲ ನನ್ನ ಅಂಗಡಿಗೆ ಬಂದಿದ್ದಳು. “ಎಪ್ಪತ್ತ ಇದ್ರ ಪಿಂಚಣಿ ಕೊಡ್ರಿ, ಇಲ್ಲಾಂದ್ರ ನನ್ನ ಹರೇ ನನಗ ಕೊಡ್ರಿ ಅಂತ ಬರೀರಿ ಮಾಸ್ತರ,” ಅಂದಿದ್ದಳು. ನಾನು ಹಾಗೆ ಬರೆಯಲಿಲ್ಲ. ಬರೆದಿದ್ದರೆ ಸಾಹೇಬರು ನಕ್ಕಾದರೂ ಬೇಗ ತಿದ್ದುತ್ತಿದ್ದರೇನೋ.

ಹಳಿಯಾಳ ರಸ್ತೆಯಲ್ಲಿ ಕಟ್ಟಿಗೆಯ ಪೆಟ್ಟಿಗೆ ಮಾಡುವ ಒಂದು ಸಣ್ಣ ಕಾರ್ಖಾನೆಯಿತ್ತು. ಹದಿನೈದು ಇಪ್ಪತ್ತು ಜನರ ಕೆಲಸ. ಅಕ್ಕ ಅಲ್ಲಿ ಹಲಗೆ ಹೊತ್ತು ಒಟ್ಟುತ್ತಿದ್ದಳು. ಅಮಾವಾಸ್ಯೆಯ ದಿನ ಅಲ್ಲಿ ಗರಗಸ ಮುಟ್ಟುವುದಿಲ್ಲ. ಬೆಳಿಗ್ಗೆ ಒಟ್ಟುವ, ಎಣಿಸುವ ಕೆಲಸ ಮಾತ್ರ ಮಾಡಿ, ಮಧ್ಯಾಹ್ನ ಗಂಟೆ ಹೊಡೆದು ಯಂತ್ರ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು ಎಲ್ಲರೂ ಮನೆಗೆ ಹೋಗುತ್ತಾರೆ. ಒಬ್ಬರು ಮಾತ್ರ ನಿಂತು ಶೆಡ್ಡಿನ ಕಸ ಹೊಡೆದು ಹೋಗಬೇಕು. ಅದು ಸರದಿಯ ಕೆಲಸ. ಆ ಅಮಾವಾಸ್ಯೆಯ ಸರದಿ ಅಕ್ಕನದು. ಹಲಗೆಯ ಒಟ್ಟಿನ ಬುಡದಲ್ಲಿ ಸೇರಿಕೊಂಡ ಮರದ ಹೊಟ್ಟನ್ನು ಕೈಹಾಕಿ ಎಳೆಯುತ್ತಿದ್ದಾಗ ಇಡೀ ಒಟ್ಟು ಜಾರಿ ಬಲಗೈಯ ಮೇಲೆ ಬಿತ್ತು. ತೋರುಬೆರಳು, ನಡುಬೆರಳು ಹೋದವು. ಉಂಗುರ ಬೆರಳು ಉಳಿಯಿತು, ಆದರೆ ಮಡಚುವುದಿಲ್ಲ.

ನಾಲ್ಕನೆಯ ದಿನ ಆಕೆಯ ಗಂಡ ನನ್ನ ಅಂಗಡಿಗೆ ಬಂದ. ಮಾತು ಕಡಿಮೆಯ ಮನುಷ್ಯ. “ಆಕಿ ಕರೀತಾಳ್ರಿ,” ಅಂದ, ಅಷ್ಟೆ. ಕಾಗದ ಪೆನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಅಕ್ಕ ಮಂಚದ ಮೇಲೆ ಕೂತಿದ್ದಳು. ಬ್ಯಾಂಡೇಜು ಕಟ್ಟಿದ ಕೈಯನ್ನು ಬೇರೆ ಯಾರದೋ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನ ಕಣ್ಣು ತುಂಬಿತು. ಆಕೆಗೆ ಅದು ಹಿಡಿಸಲಿಲ್ಲ.

“ಅಳಾಕ ಬಂದೀರೋ ಬರಿಯಾಕ ಬಂದೀರೋ? ಬರೀರಿ. ಅಮಾಸಿ ದಿನ. ಸೂಟಿ ಆಗಿತ್ತು. ಮೇಸ್ತ್ರಿ ಕಸ ಹೊಡದ ಹೋಗಂದ್ರು, ಅದಕ್ಕ ನಿಂತೆ. ಹಲಗಿ ಬಿತ್ತು. ಇಷ್ಟ.”

ಇಷ್ಟೇ. ಇಷ್ಟನ್ನು ಬರೆದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಬರೆದದ್ದು ಹೀಗೆ: “ಸದರಿ ಅಮಾವಾಸ್ಯೆಯ ದಿನದಂದು ರಜೆ ಇದ್ದಾಗ್ಯೂ, ಸ್ವಚ್ಛತೆಯ ನಿಮಿತ್ತ ನಾನು ಕಾರ್ಖಾನೆಯ ಆವರಣದಲ್ಲಿ ಉಪಸ್ಥಿತಳಿದ್ದು...” ಮೇಸ್ತ್ರಿ ಹೇಳಿದ ಮಾತನ್ನು ಬಿಟ್ಟೆ. ಮಾಲಕರಿಗೆ ಬರೆಯುವ ಅರ್ಜಿಯಲ್ಲಿ ಮಾಲಕರ ಜನರ ಕಡೆಗೇ ಬೊಟ್ಟು ಮಾಡುವುದು ಅವಿನಯ ಅನ್ನಿಸಿತು. ಓದಿ ಹೇಳಿದೆ. ಅಕ್ಕ ಗಂಭೀರವಾಗಿ ಕೇಳಿ, “ಭಾಳ ಚಲೋ ಐತ್ರಿ. ನಾನ ಹೇಳಿದ್ದು ಅಂತ ಅನಸಂಗಿಲ್ಲ,” ಅಂದಳು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಬಲಗೈ ಬ್ಯಾಂಡೇಜಿನಲ್ಲಿದ್ದುದರಿಂದ ಎಡಗೈ ಹೆಬ್ಬೆಟ್ಟು ಒತ್ತಿದಳು. ಒಂದು ಪ್ರತಿ ಮಾಲಕರಿಗೆ, ಒಂದು ಕಾರ್ಮಿಕ ಇಲಾಖೆಗೆ, ಒಂದು ಆಕೆಯ ಪ್ಲಾಸ್ಟಿಕ್ ಚೀಲದಲ್ಲಿ. ಮಾಲಕ ಕೆಟ್ಟವನೇನಲ್ಲ, ಮೊದಲ ಆಸ್ಪತ್ರೆಯ ಖರ್ಚು ಅವನೇ ಕೊಟ್ಟ. ಆಮೇಲಿನ ಪರಿಹಾರದ ಮಾತು ಬಂದಾಗ, “ಕೆಲಸಗಾರರ ಮ್ಯಾಲ ವಿಮಾ ಮಾಡಿಸೇನಿ, ಅವರ ಕೊಡಬೇಕು, ನನ್ನ ಕೈಯಾಗ ಏನಿಲ್ಲ,” ಎಂದು ಕೈ ತೊಳೆದುಕೊಂಡ. ವಿಮೆಯವರು ಉತ್ತರವನ್ನೇ ಕೊಡಲಿಲ್ಲ.

ಹಳಿಯಾಳದ ಕೋರ್ಟಿನ ಆವರಣದಲ್ಲಿ ಉಚಿತ ಕಾನೂನು ನೆರವಿನ ಕೋಣೆಯೊಂದಿದೆ. ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದವನು ನಾನೇ. ಅಲ್ಲಿ ನಮಗೆ ಕೊಟ್ಟ ವಕೀಲರು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ, ಮುಂಡಗೋಡ ತಾಲೂಕಿನ ಪಾಳಾದವರು. ನನ್ನ ಸೋದರತ್ತೆಯ ಊರೂ ಪಾಳಾ. ಅದು ತಿಳಿದ ಕೂಡಲೇ ನಾನು ಕಾಕಾ ಆದೆ. ಅಕ್ಕ ಸೆರಗಿನ ಗಂಟು ಬಿಚ್ಚಲು ಹೋದಾಗ ವಕೀಲರು ಆಕೆಯ ಕೈ ಹಿಡಿದು ತಡೆದರು.

“ರೊಕ್ಕ ಬ್ಯಾಡ್ರಿ. ಹೆಣ್ಮಕ್ಕಳಿಗೆ ವಕೀಲರ ಖರ್ಚು ಸರಕಾರದ್ದು, ಆದಾಯ ಎಷ್ಟ ಅಂತನೂ ಕೇಳಂಗಿಲ್ಲ. ಕೆಲಸದಾಗ ಪೆಟ್ಟ ಬಿದ್ರ ಪರಿಹಾರ ಕೊಡೂದು ಕಾಯ್ದೆ. ಅವರು ನಿಮಗ ದಾನ ಮಾಡಾಕತ್ತಿಲ್ಲ.”

“ನಂದ ತಪ್ಪಿದ್ರೂ ಕೊಡತಾರೇನ್ರಿ? ಕೈ ಹಾಕಿದಾಕಿ ನಾನ ಅಲ್ಲಾ?”

“ಕೈ ಹಾಕಿದ್ದು ತಪ್ಪಲ್ರಿ, ಕೆಲಸ. ಕುಡದಿದ್ರ, ಬ್ಯಾಡ ಅಂದದ್ದನ್ನ ಬೇಕಂತ ಮಾಡಿದ್ರ ಅದು ಬ್ಯಾರೆ ಮಾತು.”

“ಅಮಾಸಿ ದಿನ ಮಧ್ಯಾಹ್ನ ಯಾರ ಕುಡೀತಾರ್ರಿ?” ಅಂದಳು ಅಕ್ಕ. ಆ ಹುಡುಗಿ ನಕ್ಕದ್ದು ನೋಡಿ ನನಗೂ ಧೈರ್ಯ ಬಂತು.

ಅರ್ಜಿ ಕೋರ್ಟಿಗೆ ಹೋಯಿತು. ಕೆಲವು ತಿಂಗಳ ಮೇಲೆ ವಿಮೆಯವರ ತಕರಾರು ಬಂತು. ವಕೀಲರು ಫೋನು ಮಾಡಿ ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ನನ್ನ ಕೈಬರಹದ ಅರ್ಜಿಯ ಝೆರಾಕ್ಸ್ ಪ್ರತಿ. ನನ್ನ ಮುತ್ತಿನ ಅಕ್ಷರದ ಒಂದು ಸಾಲಿನ ಕೆಳಗೆ ಯಾರೋ ಪೆನ್ನಿನಿಂದ ಗೆರೆ ಎಳೆದಿದ್ದರು. ತಕರಾರಿನ ಸಾರ ಹೀಗೆ: ಗಾಯಗೊಂಡವಳೇ ಬರೆಸಿರುವಂತೆ ಅಂದು ರಜೆ, ಅಂದಮೇಲೆ ಆಕೆ ಕೆಲಸದಲ್ಲಿ ಇರಲಿಲ್ಲ, ಯಾರೂ ಕರೆಯದಿದ್ದರೂ ಸ್ವಂತ ಉಪಯೋಗಕ್ಕೆ ತುಂಡು ಕಟ್ಟಿಗೆ ಆರಿಸಲು ಬಂದಾಗ ಪೆಟ್ಟಾಗಿದೆ, ಆದ್ದರಿಂದ ಪರಿಹಾರಕ್ಕೆ ಅರ್ಹಳಲ್ಲ.

ಅಕ್ಕ ಓದಲಾರಳು. ವಕೀಲರು ಹೇಳಿದ್ದನ್ನು ಕೊನೆಯವರೆಗೆ ಕೇಳಿದಳು. ಆಮೇಲೆ, “ಅಂದ್ರ ನಾನು ಕಟ್ಟಿಗಿ ಕದಿಯಾಕ ಹೋಗಿದ್ದೆ ಅಂತನ?” ಅಂದಳು.

ವಕೀಲರು ನನ್ನ ಕಡೆ ತಿರುಗಿದರು. “ಕಾಕಾ, ರಜಾ ಇತ್ತು ಅಂತ ಇವರು ಹೇಳಿದ್ರೇನು?”

ನನಗೆ ರೇಗಿತು. ಮೂವತ್ತು ವರ್ಷದ ಬರವಣಿಗೆಯ ಮೇಲೆ ಇವತ್ತಿನ ಹುಡುಗಿ ಅನುಮಾನ ಪಡುವುದೇ? “ಆಕಿ ಹೇಳಿದ್ದ ಬರದೇನಿ. ಓದಿ ಹೇಳೇನಿ. ಒಂದಕ್ಷರ ತಪ್ಪಿಲ್ಲ,” ಅಂದೆ. ದೇವರಾಣೆಗೂ ಆಗ ನಾನು ಹಾಗೆಯೇ ನಂಬಿದ್ದೆ.

ಅಕ್ಕ ತಲೆ ತಗ್ಗಿಸಿದಳು. ಆಕೆ ತಲೆ ತಗ್ಗಿಸಿದ್ದನ್ನು ನಾನು ಮೊದಲು ನೋಡಿದ್ದೇ ಅವತ್ತು. “ಮಾಸ್ತರು ತಪ್ಪ ಬರಿಯಂಗಿಲ್ರಿ. ನನ್ನ ಬಾಯಿನ ಸುಮಾರ ಐತಿ. ನಮಗ ಚಂದಾಗಿ ಮಾತಾಡಾಕ ಎಲ್ಲಿ ಬರತೈತಿ?” ಅಂದಳು.

ಇದಾದ ಮೂರನೆಯ ದಿನ ಇರಬೇಕು. ಮಧ್ಯಾಹ್ನ ಊಟ ಮಾಡಿ ಮನೆಯಲ್ಲೇ ಅಡ್ಡಾಗಿದ್ದೆ. ಹೆಂಡತಿ ಅಡುಗೆಮನೆಯಿಂದ ಕೂಗಿದಳು: “ಏನ್ರೀ, ಸಾಲಿ ಸೂಟಿ ಆತು. ಹೋಗಿ ಮೊಮ್ಮಗಳನ್ನ ಕರಕೊಂಡ ಬರ್ರಿ.”

ಚಪ್ಪಲಿ ಹಾಕಿಕೊಂಡು ಹೊರಟೆ. ಬಂಗೂರನಗರದ ಆ ಸಾಲೆಯ ಗೇಟಿನಲ್ಲಿ ಮಕ್ಕಳು ದಬದಬ ಹೊರಗೆ ಬರುತ್ತಿದ್ದವು. ಸೂಟಿ ಆಗಿತ್ತು. ಮರುದಿನ ಸಾಲೆ ಇತ್ತು, ಅವತ್ತೂ ಇತ್ತು. ಆದರೂ ಸೂಟಿ ಆಗಿತ್ತು. ನಮ್ಮ ಕಡೆ ಸೂಟಿ ಅಂದರೆ ರಜೆ ನಿಜ. ಆದರೆ ಸೂಟಿ ಆತು ಅಂದರೆ ಗಂಟೆ ಹೊಡೆಯಿತು, ಬಿಟ್ಟರು ಅಂತ. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ಮೊಮ್ಮಗಳು ಬಂದು ನನ್ನ ಬೆರಳು ಹಿಡಿದುಕೊಂಡಾಗ ಆಸ್ಪತ್ರೆಯ ಮಂಚ, ಆ ಬ್ಯಾಂಡೇಜಿನ ಕೈ, ಅಕ್ಕ ಹೇಳಿದ ಒಂದೊಂದು ಮಾತೂ ಬಂದು ಎದುರಿಗೆ ನಿಂತವು. ಸೂಟಿ ಆಗಿತ್ತು. ಕಸ ಹೊಡದ ಹೋಗಂದ್ರು. ಆಕೆ ತಪ್ಪು ಹೇಳಿರಲಿಲ್ಲ. ನಾನು ತಿದ್ದಿದ್ದೆ.

ಒಪ್ಪಿಕೊಳ್ಳಲು ಮೊದಲ ಬಸ್ಸಿಗೇ ಓಡಿದೆ ಎಂದು ಬರೆಯಲು ಆಸೆಯಾಗುತ್ತದೆ. ಓಡಲಿಲ್ಲ. ಎರಡು ತಿಂಗಳು ಸುಮ್ಮನಿದ್ದೆ. ಅರ್ಜಿ ತಪ್ಪು ಬರೆಯುವವನ ಅಂಗಡಿಗೆ ಯಾರು ಬರುತ್ತಾರೆ ಎಂಬ ಹೆದರಿಕೆ. ಕೋರ್ಟಿನಲ್ಲಿ ನಿಂತು ನಾನೇ ತಿರುಚಿದೆ ಅಂದರೆ ನನ್ನನ್ನೇ ಒಳಗೆ ಹಾಕಿದರೆ ಎಂಬ ಹೆದರಿಕೆ. ವಕೀಲರು ಹೇಗಾದರೂ ಗೆಲ್ಲಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಗಡಿಯಲ್ಲಿ ಯಾರಾದರೂ ‘ತಪ್ಪು’ ಎಂದರೂ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಬೆಚ್ಚುತ್ತಿದ್ದೆ. ಕೊನೆಗೆ ಹೆಂಡತಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ.

“ಆಕಿ ಕೈ ಹೋಗೇತಿ. ನಿಮ್ಮದು ಬರೇ ಮಾನ. ನಡೀರಿ, ನಾನೂ ಬರ್ತೇನಿ,” ಅಂದಳು.

ಮರುದಿನ ಇಬ್ಬರೂ ಅಕ್ಕನ ಹಳ್ಳಿಗೆ ಹೋದೆವು. ಬಸ್ಸಿಳಿದು ಗದ್ದೆಯ ಬದುವಿನ ಮೇಲೆ ಸ್ವಲ್ಪ ನಡೆಯಬೇಕು. ಅಕ್ಕ ಅಂಗಳದಲ್ಲಿ ಕೂತು, ಮೊರವನ್ನು ತೊಡೆಗೆ ಆನಿಸಿಕೊಂಡು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಚಹಾ ಕುಡಿಯದೆ ಮಾತೇ ಬೇಡ ಅಂದಳು. ಕುಡಿದೆ. ಆಮೇಲೆ ಎಲ್ಲವನ್ನೂ ಹೇಳಿದೆ: ಕೆಂಪು ಶಾಯಿ, ನೂರು ಸಲ, ಸಾಲೆಯ ಗೇಟು, ಎರಡು ತಿಂಗಳು. ಹೇಳುವಾಗ ನನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದೆ.

ಆಕೆ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಮೂರು ಭಾಷೆಗೂ ತಯಾರಾಗಿಯೇ ಹೋಗಿದ್ದೆ. ಆಕೆ ಮೊರವನ್ನು ಕೆಳಗಿಟ್ಟಳು.

“ಮಾಸ್ತರ, ಎರಡ ತಿಂಗಳಾತು, ದಿನಾ ಮುಂಜಾನೆ ಇಲ್ಲೆ ಕೂತ ರಜಾ ಇರಲಿಲ್ಲ, ರಜಾ ಇರಲಿಲ್ಲ ಅಂತ ಬಾಯಿಪಾಠ ಮಾಡಾಕತ್ತೇನಿ. ಕೋರ್ಟಿನಾಗ ಮತ್ತ ಬಾಯಿ ತಪ್ಪಬಾರದಂತ. ಮನ್ಯಾಗ ಯಾರೂ ಸೂಟಿ ಅನಬ್ಯಾಡ್ರಿ ಅಂತ ಹೇಳೇನಿ. ನನ್ನ ಗಂಡ ಮೊದಲ ಮಾತಾಡಾಂವಲ್ಲ, ಈಗ ಪೂರಾ ಬಿಟ್ಟಾನ.”

ನನ್ನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು. ನಾನು ಮಾತ್ರ ಅತ್ತೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಂದು ಸರಿಯಾದ ಮಾತನ್ನು ಆಕೆ ಮರೆಯಲು ಹೆಣಗುತ್ತಿದ್ದುದು ನನ್ನಿಂದ. ಅಕ್ಕ ತನ್ನ ಸೆರಗಿನ ತುದಿಯನ್ನು ನನ್ನ ಕಡೆ ಚಾಚಿ, “ಒರಸ್ಕೋರಿ. ಬರಿಯಾಕ ಆಗದಾಂವ ಅಳಾಕ ಶಾಣ್ಯಾ,” ಅಂದಳು.

ವಕೀಲರು ನನ್ನನ್ನು ಸಾಕ್ಷಿ ಮಾಡಿದರು. ಬರೆದವನೇ ಬಂದು ಹೇಳಿದರೆ ಬೆಲೆ ಇದೆ, ಆದರೆ ಎದುರಿನ ವಕೀಲರು ಬಿಡುವುದಿಲ್ಲ, ಗಟ್ಟಿಯಾಗಿರಿ ಎಂದು ಎಚ್ಚರಿಸಿದರು. ಇನ್ನೊಂದು ಮಾತನ್ನೂ ಬಿಡಿಸಿ ಹೇಳಿದರು: “ಗಂಟಿ ಹೊಡದ ಕೂಡಲೆ ಕೆಲಸ ಮುಗಿಯಂಗಿಲ್ಲ ಕಾಕಾ. ಮಾಲಕರ ಕಸ ಮಾಲಕರ ಶೆಡ್ಡಿನಾಗ ಹೊಡೀತಿದ್ರ ಅದು ಕೆಲಸನ. ನಾವು ತೋರಸಬೇಕಾದ್ದು ಅಷ್ಟ. ಅವತ್ತ ರಜಾ ಇರಲಿಲ್ಲ, ಇವರ ಸರದಿ ಇತ್ತು.”

ಸಾಕ್ಷಿ ಕಟ್ಟೆ ಹತ್ತಿದ ದಿನ ನನ್ನ ಒಳ್ಳೆಯ ಅಂಗಿ ಹಾಕಿಕೊಂಡಿದ್ದೆ. ನ್ಯಾಯಾಧೀಶರು ದಕ್ಷಿಣದ ಕಡೆಯವರು, ಬಂದು ಬಹಳ ದಿನವಾಗಿರಲಿಲ್ಲ. ವಿಮೆಯವರ ವಕೀಲರು ಧಾರವಾಡದವರು. ನರೆತ ಮೀಸೆ, ಮೆತ್ತನೆಯ ದನಿ. ಕೋರ್ಟಿನಲ್ಲಿ ಅವರ ಕನ್ನಡ ನನ್ನ ಅರ್ಜಿಗಳ ಕನ್ನಡದಷ್ಟೇ ಶುದ್ಧವಾಗಿತ್ತು.

“ಎಷ್ಟು ವರ್ಷಗಳಿಂದ ಅರ್ಜಿ ಬರೆಯುತ್ತಿದ್ದೀರಿ?”

“ಮೂವತ್ತು ವರ್ಷ ಆಯಿತು.”

“ಈ ಅರ್ಜಿ ನಿಮ್ಮದೇ ಅಕ್ಷರ?”

“ಹೌದು.”

“ಬಹಳ ಚೆನ್ನಾಗಿದೆ,” ಅಂದರು. ಹಾಳಾದ್ದು, ಅಷ್ಟರಲ್ಲೂ ನನಗೆ ಸಂತೋಷವಾಯಿತು. “ಮೇಸ್ತ್ರಿ ಕಸ ಗುಡಿಸಲು ಹೇಳಿದರೆಂದು ಇದರಲ್ಲಿ ಇಲ್ಲವಲ್ಲ?”

“ಆಕೆ ಹೇಳಿದ್ದರು. ನಾನು ಬಿಟ್ಟೆ.”

“ಯಾಕೆ?”

“ವಿನಯಕ್ಕೆ.”

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ವಕೀಲರು ನಗಲಿಲ್ಲ. “ಇರಲಿ. ಆಕೆ ಸೂಟಿ ಎಂದರು, ನೀವು ರಜೆ ಎಂದು ಬರೆದಿರಿ. ಸೂಟಿ ಎಂದರೆ ರಜೆ ಹೌದೋ ಅಲ್ಲವೋ?”

“ಹೌದು.”

“ಹಾಗಾದರೆ ನೀವು ಬರೆದದ್ದು ಸರಿಯಾಗಿಯೇ ಇದೆ.”

ಎಲ್ಲಾ ಶಬ್ದಗಳೂ ಗೊತ್ತಿದ್ದವನಿಗೆ ಒಂದು ಶಬ್ದವೂ ಇಲ್ಲದಂತಾಯಿತು. ಅಕ್ಕ ಕೊನೆಯ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಕೈ ಸೆರಗಿನೊಳಗಿತ್ತು. ನಾನು ಒಳ್ಳೆಯ ಕನ್ನಡವನ್ನು ಕೈಬಿಟ್ಟೆ.

“ಸಾಹೇಬ್ರ, ಸೂಟಿ ಇತ್ತು ಅಂದ್ರ ರಜಾ. ಆಕಿ ಹಂಗ ಅಂದಿಲ್ರಿ. ಸೂಟಿ ಆಗಿತ್ತು ಅಂದಾಳ. ಅಂದ್ರ ಕೆಲಸ ಬಿಟ್ಟಿತ್ತು, ಗಂಟಿ ಹೊಡದಿತ್ತು ಅಂತ. ಕೆಲಸಾನ ಇಲ್ಲದ ದಿನ ಸೂಟಿ ಹೆಂಗ ಆಕ್ಕೈತ್ರಿ? ಸಾಲಿಗೆ ಹೋಗದ ಹುಡುಗ ಸಾಲಿ ಸೂಟಿ ಆತು ಅಂತ ಮನಿಗೆ ಬರತಾನೇನ್ರಿ? ನನಗ ಗೊತ್ತಿತ್ತು. ನಮ್ಮ ಮನಿ ಮಾತದು. ಆದ್ರೂ ಚಂದ ಕಾಣ್ಲಿ ಅಂತ ತಿದ್ದಿದೆ. ತಪ್ಪ ನಂದು, ಆಕಿದಲ್ಲ.”

ವಿಮೆಯವರ ವಕೀಲರು ನ್ಯಾಯಾಧೀಶರ ಕಡೆ ತಿರುಗಿ, ಇದು ಆಮೇಲೆ ಹೊಸೆದ ವ್ಯಾಕರಣ, ಕೇಸಿಗಾಗಿ ಕಲಿಸಿಕೊಟ್ಟದ್ದು ಎಂದು ವಾದಿಸಿದರು. ನ್ಯಾಯಾಧೀಶರು ಪೆನ್ನನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಿದರು.

“ನನಗೆ ಈ ಕಡೆಯ ಮಾತು ಅಷ್ಟು ಗೊತ್ತಿಲ್ಲ. ನೀವು ಧಾರವಾಡದವರಲ್ಲವೇ? ನೀವೇ ಹೇಳಿ. ನಿಮ್ಮ ಮನೆಯಲ್ಲಿ ಹಾಗೆ ಅನ್ನುತ್ತಾರೋ?”

ಕೋರ್ಟಿನಲ್ಲಿ ಎಲ್ಲರೂ ಅವರನ್ನೇ ನೋಡಿದರು. ಅವರು ಕಾಗದಗಳನ್ನು ಜೋಡಿಸಿದರು, ಮೀಸೆ ಮುಟ್ಟಿಕೊಂಡರು. ಇಲ್ಲ ಎನ್ನಬಹುದಿತ್ತು, ಗೊತ್ತಿಲ್ಲ ಎನ್ನಬಹುದಿತ್ತು. ಅವರ ತಾಯಿಯೂ ಎಷ್ಟೋ ಸಲ ಸಾಲೆಯ ಗೇಟಿಗೆ ಅವರನ್ನು ಕರೆಯಲು ಬಂದಿರಬೇಕು.

“ಅಂತಾರ್ರಿ,” ಅಂದರು.

ಆ ರೀ ಅನ್ನುವುದು ಅವರಿಗೆ ಗೊತ್ತಿಲ್ಲದೆಯೇ ಬಂದದ್ದು. ನನಗೆ ಆ ಮನುಷ್ಯನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಕಟ್ಟೆಯಿಂದ ಇಳಿದು ಅವರ ಕೈ ಹಿಡಿಯಬೇಕು ಅನ್ನಿಸಿತು. ಹೊರಗೆ ಚಹಾದಂಗಡಿಯ ಹತ್ತಿರ ಸಿಕ್ಕಾಗ ಅವರೇ ನನ್ನನ್ನು ಕರೆದು, “ಅಕ್ಷರ ಮಾತ್ರ ಖರೇನ ಚಲೋ ಅದಾವ ನಿಮ್ಮವು,” ಅಂದರು.

ಅಮಾವಾಸ್ಯೆಯ ಕಸದ ಸರದಿ ಅಕ್ಕನದೇ ಇತ್ತು, ತಾನೇ ಹೇಳಿದ್ದು ಎಂದು ಮೇಸ್ತ್ರಿ ಮುಂದಿನ ತಾರೀಖಿಗೆ ಬಂದು ಒಪ್ಪಿದ. ಡಾಕ್ಟರು ಬಂದು ಬಲಗೈ ಮೊದಲಿನಂತೆ ಕೆಲಸ ಮಾಡಲಾರದು ಎಂದು ಹೇಳಿದರು. ಮತ್ತೆ ತಾರೀಖು, ಮತ್ತೆ ತಾರೀಖು. ಪ್ರತಿ ಸಲವೂ ಅಕ್ಕ ಹಳಿಯಾಳಕ್ಕೆ ಬಂದಳು. ಬೆಂಚಿನ ಮೇಲೆ ಕೂತು ನನ್ನ ಹೆಂಡತಿಗೆ ಕೊಂಕಣಿ ಬೈಗುಳಗಳನ್ನು ಒಂದೊಂದಾಗಿ ಕಲಿಸಿದಳು. ಅವುಗಳ ಪ್ರಯೋಗ ಇವತ್ತಿಗೂ ನನ್ನ ಮೇಲೆ ನಡೆಯುತ್ತಿದೆ.

ಕೊನೆಗೆ ಆದೇಶವಾಯಿತು. ಪರಿಹಾರವನ್ನು ವಿಮೆಯವರು ಬಡ್ಡಿಯೊಂದಿಗೆ ಕೊಡಬೇಕು. ಆದೇಶದ ಪ್ರತಿ ಹಿಡಿದುಕೊಂಡು ವಕೀಲರೂ ಅಕ್ಕನೂ ಅಕ್ಕನ ಗಂಡನೂ ನೇರವಾಗಿ ನನ್ನ ಅಂಗಡಿಗೆ ಬಂದರು. ವಕೀಲರು ಓದಿ ಹೇಳಬಹುದಿತ್ತು. ಆದರೆ ಮಾಸ್ತರೇ ಓದಲಿ ಎಂದು ಅಕ್ಕ ಹಟ ಹಿಡಿದಿದ್ದಳಂತೆ. ಕಂಪ್ಯೂಟರ್ ಬಂದ್ ಮಾಡಿ, ಕನ್ನಡಕ ಒರೆಸಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ಮಾತನ್ನೂ ಸೇರಿಸಲಿಲ್ಲ, ಬಿಡಲಿಲ್ಲ.

ಎಲ್ಲ ಕೇಳಿ ಮುಗಿಸಿದ ಮೇಲೆ ಅಕ್ಕ ಕೇಳಿದಳು: “ಕದಿಯಾಕ ಹೋಗಿರಲಿಲ್ಲ ಅಂತ ಎಲ್ಲೆ ಬರದಾರ್ರಿ?”

ಮತ್ತೆ ಹುಡುಕಿದೆ. ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದ ಆದ ಗಾಯ ಎಂದಿತ್ತು. ತಕರಾರು ಸಾಬೀತಾಗಿಲ್ಲ ಎಂದಿತ್ತು. ಆಕೆ ಕೇಳಿದ ಮಾತು ಇರಲಿಲ್ಲ. ಹಳೆಯ ನಾನಾಗಿದ್ದರೆ, ಇಲ್ಲಿದೆ ನೋಡು ಎಂದು ಯಾವುದೋ ಸಾಲನ್ನು ತೋರಿಸಿ ಸಮಾಧಾನ ಮಾಡಿಬಿಡುತ್ತಿದ್ದೆ.

“ಹಂಗಂತ ಬರದಿಲ್ಲ ಅಕ್ಕ,” ಅಂದೆ.

ಆಕೆ ಗಂಡನ ಮುಖ ನೋಡಿದಳು. ಗಂಡ ಕೆಮ್ಮಿದ. “ಸೂಟಿ ಅಂತ ಐತೇನ್ರಿ?” ಅಂದ. ಎರಡು ವರ್ಷಗಳಲ್ಲಿ ನಾನು ಅವನ ಬಾಯಿಂದ ಕೇಳಿದ ಅತಿ ಉದ್ದದ ಮಾತು ಅದು.

“ಐತಿ.”

“ತೋರಸ್ರಿ,” ಅಂದಳು ಅಕ್ಕ.

ಮೂರನೆಯ ಪುಟದ ನಡುವೆ ಇತ್ತು. ‘ಸೂಟಿ ಆಗಿತ್ತು ಎಂಬ ಮಾತಿಗೆ ಈ ಭಾಗದಲ್ಲಿ’ ಎಂದು ಅಚ್ಚಾಗಿತ್ತು. ಕೆಂಪು ಸುತ್ತು ಇರಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಅಕ್ಕ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಸೆರಗಿನೊಳಗಿನಿಂದ ಬಲಗೈಯನ್ನು ಹೊರಗೆ ತೆಗೆದು, ಕಿರುಬೆರಳನ್ನು ನಾನು ತೋರಿಸಿದ ಜಾಗದಲ್ಲಿ ಇಟ್ಟಳು. ಆ ಬೆರಳಿನ ಕೆಳಗೆ ಮಾತು ಪೂರ್ತಿ ಮುಚ್ಚಿಹೋಯಿತು. ಬೆರಳನ್ನು ಎತ್ತಿ ನೋಡಿದಳು. ಮತ್ತೆ ಇಟ್ಟಳು.

“ಇಷ್ಟ ಸಣ್ಣದೇನ್ರಿ ಮಾಸ್ತರ, ಇದು?” ಅಂದಳು.